ದೀಪಸ್ತಂಭದ ಕೆಳಗಿನ ಬೆಂಚು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದವಳು ನಾನೇ. ಚಿಕ್ಕವಳಿದ್ದಾಗ ನಮ್ಮ ಸೋದರತ್ತೆ ಹೊಲದ ಬದುವಿನ ಮೇಲೆ ಕಂಡ ಬಿಳಿ ಸೀರೆಯ ಹೆಂಗಸಿನ ಕಥೆ ಹೇಳಿದರೆ, "ಅಂಚು ಯಾವ ಬಣ್ಣದ್ದಿತ್ತು?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಮುಂದೆ ಓದಿದ್ದು ಕೃಷಿ ವಿಜ್ಞಾನ. ಈಗ ಡಚ್ಚರ ನಾಡಿನ ಹಾರ್ಲೆಮ್‌ನಲ್ಲಿ ಮನೆ, ಈರುಳ್ಳಿ ಬೀಜ ಪರೀಕ್ಷಿಸುವ ಕೆಲಸ. ಎಷ್ಟು ಮೊಳೆತವು, ಎಷ್ಟು ಮೊಳೆಯಲಿಲ್ಲ ಎಂದು ದಿನವೆಲ್ಲ ಎಣಿಸುವವಳಿಗೆ, ಎಣಿಕೆಗೆ ಸಿಗದ ಸಂಗತಿಗಳ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಆದ್ದರಿಂದ ಕೆಳಗೆ ಬರೆದದ್ದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಆರು ವರ್ಷಗಳ ಹಿಂದಿನ ಮೇ ತಿಂಗಳು. ಅವ್ವ ಬಾಗಲಕೋಟೆಯಿಂದ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಅಲ್ಲಿ ಅಣ್ಣ, ಅತ್ತಿಗೆ, ಮೂವರು ಮೊಮ್ಮಕ್ಕಳ ಗದ್ದಲದಲ್ಲಿ ಇರುವವಳಿಗೆ ಇಲ್ಲಿಯ ಮೌನ ಹಿಡಿಸಿರಲಿಲ್ಲ. "ಈ ಊರಾಗ ನಾಯಿ ಸೈತ ಬೊಗಳಂಗಿಲ್ಲಲ್ಲವಾ" ಎನ್ನುತ್ತಿದ್ದಳು. ಅವ್ವ ಮೊದಲಿನಿಂದಲೂ ಗಟ್ಟಿ ಹೆಂಗಸು. ಅಪ್ಪ ತೀರಿಕೊಂಡ ದಿನ ಕೂಡ ನಮ್ಮೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಂದ ಜನಕ್ಕೆ ಚಹಾ ಆಯಿತೇ ಎಂದು ಒಳಗೆ ಹೋಗಿ ವಿಚಾರಿಸಿದಳು. ಆ ಚಹಾದ ಮಾತನ್ನು ನಾನು ಬಹಳ ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅವಳಿಗೆ ಒಳಗೇನೂ ಆಗುವುದೇ ಇಲ್ಲ ಎಂದು ತಿಳಿದಿದ್ದೆ. ನಾವಿಬ್ಬರೂ ಮಾತಾಡುತ್ತಿದ್ದುದು ರೊಟ್ಟಿ, ಔಷಧಿ, ನೆಂಟರು, ಇಷ್ಟೇ.

ಒಂದು ಶನಿವಾರ ನನ್ನ ಗಂಡ ರಘು ಟೆಸೆಲ್ ದ್ವೀಪಕ್ಕೆ ಹೋಗೋಣ ಎಂದ. ರಘು ಮೈಸೂರಿನವನು, ನನಗಿಂತ ಹೆಚ್ಚು ಲೆಕ್ಕಾಚಾರದ ಮನುಷ್ಯ. ಡೆನ್ ಹೆಲ್ಡರ್ ಬಂದರಿನವರೆಗೆ ಕಾರಿನಲ್ಲಿ ಹೋಗಿ, ಕಾರಿನ ಸಮೇತ ದೊಡ್ಡ ದೋಣಿ ಹತ್ತಿದೆವು. ದೋಣಿಯ ಬೆನ್ನು ಹತ್ತಿದ ಕಡಲಹಕ್ಕಿಗಳು ಅವ್ವನ ತಲೆಗೆ ಮೊಳದಷ್ಟು ಹತ್ತಿರ ಹಾರಿದವು. ಇಳಕಲ್ ಸೀರೆಯ ಮೇಲೆ ನನ್ನ ದಪ್ಪ ಕೋಟು, ಕಾಲಿಗೆ ಬೂಟು, ಕಿವಿಗೆ ಮಫ್ಲರು. ಆ ವೇಷದಲ್ಲಿ ಅವಳು ಊರಿಂದ ತಂದ ಒಣ ಕಟಕ ರೊಟ್ಟಿಯ ಚೂರುಗಳನ್ನು ಗಾಳಿಗೆ ತೂರಿ, ಹಕ್ಕಿ ಹಿಡಿದಾಗಲೆಲ್ಲ ನಕ್ಕಳು. ದ್ವೀಪದ ತುಂಬ ಹಸಿರು, ಹಸಿರಿನ ತುಂಬ ಎಳೆಯ ಕುರಿಮರಿಗಳು. ಅಲ್ಲಿಯ ಹಳೆಯ ಕುರಿಕೊಟ್ಟಿಗೆಗಳ ಒಂದು ಪಕ್ಕ ಗಾಳಿಗೆ ಬೆನ್ನು ಕೊಟ್ಟು ಇಳಿಜಾರಾಗಿರುತ್ತದೆ, ಇನ್ನೊಂದು ಪಕ್ಕ ಕತ್ತರಿಸಿದಂತೆ ನೆಟ್ಟಗೆ. ಅವ್ವ ಕಾರಿನ ಗಾಜಿಗೆ ಮುಖ ಹಚ್ಚಿ, "ಅರ್ಧಾ ಕಟ್ಟಿ ಬಿಟ್ಟಾರಲ್ರೀ ಅಳಿಯಾರ, ಗೌಂಡಿ ಓಡಿ ಹೋದನೇನು?" ಎಂದಳು. ಬಂದ ಮೇಲೆ ಅವಳು ಅಷ್ಟು ಲವಲವಿಕೆಯಿಂದಿದ್ದದ್ದು ಅದೇ ಮೊದಲು.

ದ್ವೀಪದ ಉತ್ತರದ ತುದಿಯಲ್ಲಿ ಕೆಂಪು ಬಣ್ಣದ ದೀಪಸ್ತಂಭವಿದೆ. ಮೇಲೆ ಹತ್ತಿದರೆ ಸುತ್ತಲಿನ ಕಡಲೆಲ್ಲ ಕಾಣುತ್ತದೆ. ಅವ್ವನ ಮೊಣಕಾಲು ಆ ಮೆಟ್ಟಿಲುಗಳಿಗೆ ಆಗಿಬರುವಂತಿರಲಿಲ್ಲ. ಕೆಳಗೆ ಗಾಳಿ ತಾಗದ ಕಡೆ ಒಂದು ಬೆಂಚು ಸಿಕ್ಕಿತು. ಅದರ ಒಂದು ತುದಿಯಲ್ಲಿ ಅವ್ವನ ವಯಸ್ಸಿನ ಡಚ್ ಹೆಂಗಸೊಬ್ಬಳು ನೀಲಿ ಮಳೆಕೋಟು ಹಾಕಿಕೊಂಡು ಕೂತಿದ್ದಳು. ನಾನು ಅವಳ ಭಾಷೆಯಲ್ಲೇ ನಮಸ್ಕಾರ ಹೇಳಿದೆ, ಅವಳು ಸರಿದು ಜಾಗ ಕೊಟ್ಟಳು. "ಅತ್ತೆ, ನೀವು ಇಲ್ಲೇ ಕೂತಿರಿ, ಅರ್ಧ ಗಂಟೇಲಿ ಬಂದ್ಬಿಡ್ತೀವಿ" ಎಂದ ರಘು. ಅರ್ಧ ಗಂಟೆ ಎಂದದ್ದು ಮುಕ್ಕಾಲು ಗಂಟೆಯ ಮೇಲಾಯಿತು. ಅಂದು ಆಕಾಶ ತಿಳಿಯಾಗಿತ್ತು, ಕಡಲಿನ ಇಳಿತದ ಹೊತ್ತು, ದೂರದ ಮರಳುದಿಬ್ಬಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಕಣ್ಣು ಕೀಳಲು ಮನಸ್ಸಾಗಲಿಲ್ಲ.

ನಾವು ಕೆಳಗಿಳಿದು ಬೆಂಚಿನ ಹಿಂದಿನಿಂದ ಬಂದೆವು. ಅವರಿಬ್ಬರ ನಡುವೆ ಅವ್ವನ ಬುತ್ತಿಯ ಡಬ್ಬಿ ತೆರೆದಿತ್ತು, ಆ ಹೆಂಗಸು ಶೇಂಗಾ ಹೋಳಿಗೆ ಮುರಿದು ತಿನ್ನುತ್ತಿದ್ದಳು. ಅವ್ವ ಕೇಳುತ್ತಿದ್ದಳು:

"ಮತ್ತ ಆವಾಗ ನೀ ಉಣ್ಣಲೇ ಇಲ್ಲೇನು?"

ಆ ಹೆಂಗಸು ಡಚ್‌ನಲ್ಲಿ, "ಮೂರು ದಿನ ಬರೀ ಕಾಫಿ. ನುಂಗಲಿಕ್ಕೇ ಆಗುತ್ತಿರಲಿಲ್ಲ" ಎಂದಳು.

"ಬರೇ ಕಾಫಿ ಮ್ಯಾಲ ಹೆಂಗ ಇದ್ದಿ ಯವ್ವಾ! ನಿನ್ನ ಗಂಡರೆ ಏನಂದಾ?"

"ಅವನು ಹೊರಗೆ ಹೋಗಿ ಬೇಲಿ ರಿಪೇರಿ ಮಾಡುತ್ತ ನಿಂತ. ಒಂದು ವಾರ ಅದೇ ಕೆಲಸ."

"ಗಂಡಸರು ಹಂಗ. ಕೈಗೆ ಒಂದ ಕೆಲಸಾ ಬೇಕು."

ಹೆಂಗಸು ಹೌದೆಂದು ತಲೆಯಾಡಿಸಿದಳು. ನನಗೆ ಎರಡೂ ಭಾಷೆ ಬರುತ್ತಿದ್ದರಿಂದ ಏನು ನಡೆಯುತ್ತಿದೆ ಎನ್ನುವುದು ಮೊದಲ ಕ್ಷಣ ಹೊಳೆಯಲೇ ಇಲ್ಲ. ಹೊಳೆದಾಗ ಅಲ್ಲೇ ನಿಂತೆ. ಅವ್ವನಿಗೆ ಡಚ್‌ನಲ್ಲಿ 'ಧನ್ಯವಾದ' ಬಿಟ್ಟರೆ ಒಂದು ಪದ ಬರುತ್ತಿರಲಿಲ್ಲ, ಇಂಗ್ಲಿಷೂ ಇಲ್ಲ. ರಘುವಿನ ಕಡೆ ನೋಡಿದೆ. ಅವನೂ ನಿಂತುಬಿಟ್ಟಿದ್ದ.

ನಮ್ಮನ್ನು ಕಂಡು ಇಬ್ಬರೂ ಎದ್ದರು. ಅವ್ವ ಉಳಿದ ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು, ರಘುವಿನ ಜೊತೆ ಕಾರಿನತ್ತ ನಡೆದಳು. ಆ ಹೆಂಗಸು ನನ್ನ ಕೈ ಹಿಡಿದು ನಿಲ್ಲಿಸಿದಳು. ತನ್ನ ಹೆಸರು ಯಾನೆಕೆ, ಇಲ್ಲೇ ಪಕ್ಕದ ಹಳ್ಳಿಯವಳು ಎಂದಳು. ಆಮೇಲೆ, "ನಿನ್ನ ಅಕ್ಕನ ವಿಷಯ ಕೇಳಿ ಬಹಳ ಸಂಕಟವಾಯಿತು" ಎಂದಳು.

"ನನಗೆ ಅಕ್ಕ ಇಲ್ಲ. ಅಣ್ಣ ಒಬ್ಬನೇ" ಎಂದೆ.

ಅವಳು ಸ್ವಲ್ಪ ಗಲಿಬಿಲಿಗೊಂಡಳು. "ಗೌ-ರ-ವ್ವ" ಎಂದು ಕಷ್ಟಪಟ್ಟು ಉಚ್ಚರಿಸಿದಳು. "ಎಲ್ಲರಿಗಿಂತ ಮೊದಲನೆಯದು. ಹತ್ತೊಂಬತ್ತು ದಿನ ಬದುಕಿತ್ತಂತೆ. ಅದು ಹೋದ ದಿನವೇ ಮನೆಗೆ ಹೆಣ್ಣಿನ ಕಡೆಯವರು ಬರುವವರಿದ್ದರಂತೆ, ಮೈದುನನ ಮದುವೆ ಮಾತಿಗೆ. ಅಳಬೇಡ ಎಂದು ಅತ್ತೆ ಹೇಳಿದರಂತೆ. ನಿನ್ನ ತಾಯಿ ಅವರಿಗೆಲ್ಲ ಇದನ್ನೇ ಮಾಡಿ ಬಡಿಸಿದಳಂತೆ" ಎನ್ನುತ್ತ ಕೈಯಲ್ಲಿದ್ದ ಹೋಳಿಗೆ ತೋರಿಸಿದಳು. "ನಿನಗೆ ಗೊತ್ತಿದೆ ಎಂದುಕೊಂಡಿದ್ದೆ. ಕ್ಷಮಿಸು."

ನಾನು ಅವಳ ವಿಳಾಸ ಬರೆದುಕೊಂಡು ಬಂದೆ.

ಮರಳುವ ದೋಣಿಯಲ್ಲಿ ಅವ್ವನ ಪಕ್ಕ ಕೂತು ಕೇಳಿದೆ. "ಯವ್ವಾ, ಗೌರವ್ವ ಯಾರು?"

ಅವ್ವ ನೀರು ನೋಡುತ್ತಿದ್ದಳು. "ಆಕಿ ಹೇಳಿದ್ಲೇನು?" ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಯಾನೆಕೆ ಹೇಳಿದ್ದು ಒಂದಕ್ಷರ ತಪ್ಪಿರಲಿಲ್ಲ. ಹೇಳುತ್ತ ಹೇಳುತ್ತ ಅವ್ವ ಅತ್ತಳು, ಸೆರಗು ಬಾಯಿಗೊತ್ತಿಕೊಳ್ಳದೆ, ಜನರಿದ್ದಾರೆಂದು ನೋಡದೆ. ನಲವತ್ತು ದಾಟಿದ ನಾನು ನನ್ನ ತಾಯಿ ಅಳುವುದನ್ನು ಕಂಡದ್ದು ಅಂದೇ. ರಘು ಕಾಫಿ ತರುವ ನೆಪದಲ್ಲಿ ದೂರ ಹೋದ. ನಾನು ಅವಳ ಕೈ ಹಿಡಿದುಕೊಂಡೆ. ಅಷ್ಟು ಸಣ್ಣ ಕೈ ಎಂದು ಗೊತ್ತಿರಲಿಲ್ಲ.

ಸಮಾಧಾನವಾದ ಮೇಲೆ ಕೇಳಿದೆ. "ಆದರ ಆಕಿಗೆ ಹೆಂಗ ಹೇಳಿದಿ? ಯಾವ ಭಾಷಾದಾಗ?"

"ಯಾವ ಭಾಷಾ ಅಂದ್ರ?" ಅವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಆಕಿ ಕೇಳಿದ್ಲು, ನಾ ಹೇಳಿದೆ. ಆಕಿನೂ ತನ್ನ ಮಗನ ಸುದ್ದಿ ಹೇಳಿದ್ಲು. ಮೀನ ಹಿಡಿಯಾಕ ಹ್ವಾದಾಂವ ಬರಲಿಲ್ಲಂತ. ಹೋಗೂ ದಿನಾ ಮುಂಜಾನೆ ಜಗಳಾ ಆಡಿದ್ರಂತ, ಕುರಿ ದಡ್ಡಿ ಬಾಗಲಾ ತೆರದ ಬಿಟ್ಟಾನಂತ, ಕುರಿ ಎಲ್ಲಾ ರಸ್ತಾಕ ಹೋದ್ವಂತ. ಕೆಟ್ಟ ಮಾತ ಆಡಿ ಕಳಿಸಿದೆ ಅಂತ ಆಕಿಗೆ ಇನ್ನೂ ಸುಡತೈತಿ ನೋಡವಾ."

ಆ ರಾತ್ರಿ ರಘು ತನ್ನ ವಿವರಣೆ ಕೊಟ್ಟ. "ನೋಡು, ಕಾಫಿ ಅನ್ನೋದು ಎರಡು ಭಾಷೇಲೂ ಒಂದೇ. ಮೂರು ಬೆರಳು ತೋರಿಸಿದ್ರೆ ಮೂರು ದಿನ. ಮಗು, ಸಾವು, ಇದೆಲ್ಲ ಕೈಸನ್ನೆಲೇ ಗೊತ್ತಾಗುತ್ತೆ." ಸರಿ, ಒಪ್ಪಿದೆ. "ಮೈದುನನ ಮದುವೆ ಮಾತು ಯಾವ ಸನ್ನೆಯಲ್ಲಿ ಬರುತ್ತದೆ, ಮಾಡಿ ತೋರಿಸು" ಎಂದೆ. ಅವನು ಎರಡು ಕೈ ಎತ್ತಿ, ಸ್ವಲ್ಪ ಯೋಚಿಸಿ, ಇಳಿಸಿಬಿಟ್ಟ.

ಉಳಿದ ಎರಡು ತಿಂಗಳು ಅವ್ವ ಸುಖವಾಗಿದ್ದಳು. ದಿನಾ ಸಂಜೆ ನನ್ನನ್ನು ಕಾಲುವೆಯ ಪಕ್ಕ ನಡೆಸಿಕೊಂಡು ಹೋಗಿ ಗೌರವ್ವನ ಬಗ್ಗೆ, ಅಪ್ಪನ ಬಗ್ಗೆ, ತನ್ನ ಬಗ್ಗೆ ಮಾತಾಡಿದಳು. ನನಗೆ ನನ್ನ ತಾಯಿ ಸಿಕ್ಕಿದ್ದು ಆ ಬೇಸಿಗೆಯಲ್ಲಿ ಎಂದರೆ ಅತಿಶಯವಲ್ಲ. ಅವಳು ಊರಿಗೆ ಮರಳಿದ ಮೇಲೆ ನಾನು ಯಾನೆಕೆಗೆ ಒಂದು ಕಾಗದ ಬರೆದೆ. ಅವ್ವ ಹೇಳಿದ್ದನ್ನು, ದಡ್ಡಿಯ ಬಾಗಿಲಿನ ಜಗಳವನ್ನೂ ಸೇರಿಸಿ ಬರೆದು, ಇದು ನಿಜವೇ ಎಂದು ಕೇಳಿದೆ. ಉತ್ತರ ಬೇಗ ಬಂತು. ನಿಜ ಎಂದಿದ್ದಳು. ಬಾಗಿಲಿನ ಮಾತನ್ನು ತನ್ನ ಸ್ವಂತ ತಂಗಿಗೂ ಹೇಳಿಲ್ಲ ಎಂದಿದ್ದಳು. ನಿನ್ನ ತಾಯಿಗೆ ಹೇಳಿದ ಮೇಲೆ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದೂ ಇತ್ತು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಬೀಜ ಎಣಿಸುವ ಬುದ್ಧಿ ಬಿಡಲಿಲ್ಲ. ಮುಂದಿನ ವಸಂತದಲ್ಲಿ ಟೆಸೆಲ್‌ಗೆ ಹೋಗಿ, ಯಾನೆಕೆಯ ಅಡುಗೆಮನೆಯಲ್ಲಿ ಕೂತು, ಫೋನಿನಲ್ಲಿ ಅವ್ವನಿಗೆ ವಿಡಿಯೋ ಕರೆ ಹಚ್ಚಿ, ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬಾಯ್ತುಂಬ ನಕ್ಕರು. ಯಾನೆಕೆ, "ನಿನ್ನ ಮೊಣಕಾಲು ಈಗ ಹೇಗಿದೆ?" ಎಂದು ಡಚ್‌ನಲ್ಲಿ ಕೇಳಿದಳು.

ಅವ್ವ ನಗುತ್ತಲೇ ಇದ್ದಳು. ಆಮೇಲೆ ಕಣ್ಣು ನನ್ನ ಕಡೆ ತಿರುಗಿಸಿ, "ಏನಂತಾಳವಾ ಆಕಿ? ನನಗೇನ ತಿಳೀವಲ್ದು" ಎಂದಳು.

ಯಾನೆಕೆಯೂ ನನ್ನ ಮುಖ ನೋಡಿದಳು. ಅವ್ವ ಅಂದದ್ದರಲ್ಲಿ ಅವಳಿಗೂ ಒಂದು ಪದ ತಿಳಿದಿರಲಿಲ್ಲ. ಇಬ್ಬರೂ ಕಾಯುತ್ತಿದ್ದರು. ನಾನು ಕುರ್ಚಿ ಮುಂದಕ್ಕೆಳೆದುಕೊಂಡು, ಮೊಣಕಾಲಿನ ಪ್ರಶ್ನೆಯನ್ನು ಕನ್ನಡಕ್ಕೆ ಮಾಡಿ ಹೇಳಿದೆ.