ಎರಡು ಸೀಟಿನ ಕಾರಿಗೆ ತಂಪು ತಂದ ಯತ್ತಪ್ಪ ಮೇಷ್ಟ್ರು

ಒಂದಾನೊಂದು ಕಾಲದಲ್ಲಿ ಕುರಿ ಕಾಯುವವನೊಬ್ಬ ಮಾಗಿಯ ಚಳಿಯನ್ನು ಗಡಿಗೆಯಲ್ಲಿ ಹಿಡಿದು, ಬಾಯಿಗೆ ಕಂಬಳಿ ಬಿಗಿದು, ಬೇಸಿಗೆಯಲ್ಲಿ ಬಸವಳಿದು ಬಂದವರಿಗೆಲ್ಲ ಬೊಗಸೆಬೊಗಸೆಯಾಗಿ ಹಂಚುತ್ತಿದ್ದನಂತೆ. ಬಿಳಿಗೆರೆಯ ನಮ್ಮ ಮನೆಯಲ್ಲಿ ಮುದ್ದಕ್ಕಜ್ಜಿ ಈ ಕಥೆ ಹೇಳಿದಾಗಲೆಲ್ಲ ಆ ಗಡಿಗೆ ಈಗ ಎಲ್ಲಿದೆಯೆಂದು ನಾನು ಕೇಳುತ್ತಿದ್ದೆ. ಯಾರೋ ಪುಣ್ಯಾತ್ಮರ ಹತ್ತಿರ ಇರುತ್ತದೆ ಎಂದು ಅಜ್ಜಿ ಮಾತು ಮುಗಿಸುತ್ತಿದ್ದಳು.

ಆ ಪುಣ್ಯಾತ್ಮರನ್ನು ನಾನು ಕಂಡಿದ್ದೇನೆ. ಹುಳಿಯಾರಿನ ಆಚೆಯ ಕುರಿಹಟ್ಟಿಯಲ್ಲಿ ಹುಟ್ಟಿ, ತಿಪಟೂರಿನ ನಮ್ಮ ತರಬೇತಿ ಸಂಸ್ಥೆಯಲ್ಲಿ ಮೂವತ್ತನಾಲ್ಕು ವರ್ಷ ಫ್ರಿಜ್ಜು, ಎಸಿಗಳ ವಿದ್ಯೆಯನ್ನು ಕಲಿಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀ ಯತ್ತಪ್ಪನವರು ಈ ಸೀಮೆಯ ಎಸಿ ಕೆಲಸಗಾರರಿಗೆಲ್ಲ ಮೂಲಗುರುಗಳು. ಮೂರು ತಾಲ್ಲೂಕಿನಲ್ಲಿ ಯಾವ ಅಂಗಡಿಯ ಗ್ಯಾಸ್ ಸಿಲಿಂಡರಿನ ಹಿಂದೆ ನೋಡಿದರೂ ಅವರ ಶಿಷ್ಯನೊಬ್ಬ ಕುಕ್ಕರಗಾಲಲ್ಲಿ ಕೂತಿರುತ್ತಾನೆ.

ಅವರು ಪ್ರತಿ ವರ್ಷ ಮೊದಲ ಪಾಠವನ್ನು ತಮ್ಮದೇ ಒಂದು ತಪ್ಪಿನಿಂದ ಶುರುಮಾಡುತ್ತಿದ್ದರು. ಅವರೇ ಮುಚ್ಚಿಡದ ಸಂಗತಿಯನ್ನು ನಾನು ಇಲ್ಲಿ ಮುಚ್ಚಿಟ್ಟರೆ ಅವರಿಗೆ ಅಗೌರವವಾದೀತು.

೧೯೯೯ರ ಮೇ ತಿಂಗಳು. ಕೊಬ್ಬರಿ ವರ್ತಕರಾದ ರಂಗನಾಥ ಅವರು ಆಸೆಪಟ್ಟು ಹಳೆಯದೊಂದು ವಿದೇಶಿ ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಕೆಂಪು ಬಣ್ಣ, ನೆಲಕ್ಕೆ ಕುಳಿತಂಥ ಮೈ, ಇಬ್ಬರಿಗೆ ಮಾತ್ರ ಜಾಗ. ಪತ್ನಿ ಶಾಂತಕುಮಾರಿಯವರ ತವರು ದಬ್ಬೇಘಟ್ಟದಲ್ಲಿ ಅಂದು ಗೃಹಪ್ರವೇಶ. ಹೊರಡುವ ಹೊತ್ತಿಗೆ ನೋಡಿದರೆ ಎಸಿ ಕಂಪ್ರೆಸರಿನ ಎಣ್ಣೆಯೆಲ್ಲ ಸೋರಿಹೋಗಿದೆ. ಸರಿಯಾದ ಎಣ್ಣೆ ಬೆಂಗಳೂರಿನಿಂದ ಬರಬೇಕು, ಒಂದು ದಿನವಾಗುತ್ತದೆ ಎಂದು ಮೇಷ್ಟ್ರು ಹೇಳಿದರೆ, ರಂಗನಾಥರು ಗಾಣದಿಂದ ತಮ್ಮದೇ ಕೊಬ್ಬರಿಯ ಎಣ್ಣೆ ತಂದು ಮುಂದೆ ಹಿಡಿದರು.

“ನಮ್ ಎಣ್ಣೆಗಿಂತ ಚೊಕ್ಕ ಯಾವ್ದೈತೆ? ಹುಯ್ಯಪ್ಪ.”

ಹುಯ್ದರು. ಮಾಗಿ ಬಂತೆಂದರೆ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿಕೊಂಡು ತಲೆಗೆ ಹಚ್ಚುವ ಸೀಮೆ ನಮ್ಮದು. ತಂಪಾದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆಂಬುದು ಎಳೆ ಮಕ್ಕಳಿಗೂ ಗೊತ್ತು. ತಂಪು ಮಾಡುವ ಯಂತ್ರದೊಳಗೆ ಅದನ್ನು ಸುರಿಯುವಾಗ ಮಾತ್ರ ಇಬ್ಬರು ಹಿರಿಯರಿಗೂ ನೆನಪಾಗಲಿಲ್ಲ. ತುರುವೇಕೆರೆ ದಾಟುವಷ್ಟರಲ್ಲಿ ಎಣ್ಣೆ ಸಣ್ಣ ಕೊಳವೆಯಲ್ಲಿ ಗಟ್ಟಿಯಾಗಿ ಕೂತು, ಕಂಪ್ರೆಸರು ಒಣಗಿ, ಕಿರುಚಿ, ಕಚ್ಚಿಕೊಂಡು ನಿಂತಿತು. ಶಾಂತಕುಮಾರಿಯವರು ರೇಷ್ಮೆ ಸೀರೆ ಬೆವರಲ್ಲಿ ತೊಯ್ದು ತವರಿನ ಬಾಗಿಲಲ್ಲಿ ಇಳಿದಾಗ ಅತ್ತಿಗೆ ಭೈರಮ್ಮನವರು ನೆಂಟರೆಲ್ಲರಿಗೂ ಕೇಳುವಂತೆ ಅಂದರಂತೆ:

“ಏನೇ ಶಾಂತ, ಗಂಡನ ಕಾರಲ್ಲಿ ಬಂದ್ಯೋ, ಇಡ್ಲಿ ಪಾತ್ರೇಲಿ ಬಂದ್ಯೋ?”

ಶಾಂತಕುಮಾರಿಯವರು ಬಸ್ಸಿನಲ್ಲಿ ಹಿಂದಿರುಗಿದರು. ಆ ಕಾರು ತಂಪಾಗುವವರೆಗೂ ಹತ್ತುವುದಿಲ್ಲವೆಂದರು. ಮೇಷ್ಟ್ರು ಅವರೆದುರು ಹೋಗಿ, “ತಪ್ಪು ನಂದು ಕಣಮ್ಮ. ನನ್ನ ಸರ್ವೀಸು ಮುಗಿಯೋದ್ರೊಳಗೆ ನಿಮ್ಮನ್ನ ಅದ್ರಾಗೆ ತಣ್ಣಗೆ ಕೂರಿಸ್ತೀನಿ” ಎಂದು ಮಾತು ಕೊಟ್ಟರು.

ಆಮೇಲಿನ ವರ್ಷಗಳಲ್ಲಿ ರಂಗನಾಥರು ಸಂಜೆ ಒಬ್ಬರೇ ಆ ಕಾರು ಓಡಿಸುವುದನ್ನು ತಿಪಟೂರು ನೋಡುತ್ತಿತ್ತು. ಪಕ್ಕದ ಸೀಟಿನಲ್ಲಿ ಅವರು ಬೇರಾರನ್ನೂ ಕೂರಿಸಲಿಲ್ಲ. ಆ ಜಾತಿಯ ಕಂಪ್ರೆಸರು ತಯಾರಾಗುವುದೇ ನಿಂತುಹೋಗಿತ್ತು; ಬೇರೆಯದನ್ನು ಕೂರಿಸಲು ಕಾರಿನ ಮೈ ಕತ್ತರಿಸಬೇಕಿತ್ತು, ಅದಕ್ಕೆ ಅವರು ಒಪ್ಪಲಿಲ್ಲ. ೨೦೦೮ರಲ್ಲಿ ಮೇಷ್ಟ್ರು ಹಳೆಯದನ್ನೇ ಬಿಚ್ಚಿ ಕಟ್ಟಿದರು. ಶಾಂತಕುಮಾರಿಯವರು ಸೀರೆಯುಟ್ಟು, ಹೂ ಮುಡಿದು ಬಾಗಿಲಿಗೆ ಬಂದರು. ಅಷ್ಟರಲ್ಲಿ ಸೀಲು ಬಿಟ್ಟು ಗ್ಯಾಸೆಲ್ಲ ಹೊರಟುಹೋಯಿತು. ಅವರು ಒಳಗೆ ಹೋಗಿ ಹೂವನ್ನು ದೇವರಿಗಿಟ್ಟರೆಂದು ಹೇಳುವಾಗ ಮೇಷ್ಟ್ರು ಬೋರ್ಡಿನ ಕಡೆ ತಿರುಗಿಕೊಳ್ಳುತ್ತಿದ್ದರು.

ನನ್ನ ಪಾಲಿಗೆ ಅವರು ಮಾಡಿದ ಉಪಕಾರವನ್ನೂ ಹೇಳಬೇಕು. ಈ ಟ್ರೇಡಿಗೆ ಸೇರುತ್ತೇನೆಂದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ಮೇಷ್ಟ್ರು ಬಸ್ಸಿಳಿದು ಬಿಳಿಗೆರೆಗೆ ಬಂದು, ಜಗಲಿಯ ಮೇಲೆ ಕೂತು, ಅಜ್ಜಿಯ ಗಡಿಗೆಯ ಕಥೆಯನ್ನು ಪೂರ್ತಿ ಕೇಳಿದರು. ಆಮೇಲೆ, ಆ ಕುರಿ ಕಾಯುವವನು ನಮ್ಮ ಹಟ್ಟಿಯವನೇ ಇರಬೇಕು, ವಿದ್ಯೆ ಮರೆತುಹೋಗದ ಹಾಗೆ ನಿಮ್ಮ ಮೊಮ್ಮಗಳಿಗೂ ಕಲಿಸುತ್ತೇನೆ ಎಂದರು. ಅಜ್ಜಿ ಮಜ್ಜಿಗೆ ಕೊಟ್ಟು, “ಕರ್ಕಂಡೋಗಪ್ಪ, ಕನಸು ಕಾಣ್ತಾ ಕೂತಿರ್ತಾಳೆ, ಆಗಾಗ ಎಬ್ಬಿಸ್ತಿರು” ಎಂದಳು. ಅವರು ಎಬ್ಬಿಸಲಿಲ್ಲ. ನಾನು ಸ್ಪ್ಯಾನರು ಹಿಡಿದು ಕಿಟಕಿಯಾಚೆ ನೋಡುತ್ತ ನಿಂತರೆ, ಪಕ್ಕಕ್ಕೆ ಬಂದು ತಾವೂ ಒಂದು ಗಳಿಗೆ ಅದೇ ತೆಂಗಿನ ಗರಿಗಳನ್ನು ನೋಡಿ, ಆಮೇಲೆ ಮೆಲ್ಲಗೆ ನಟ್ಟು ತೋರಿಸುತ್ತಿದ್ದರು.

ಕಳೆದ ವರ್ಷ ನಾನು ತುಮಕೂರಿನ ಗುಜರಿಯೊಂದರಲ್ಲಿ ಅದೇ ಜಾತಿಯ ಸತ್ತ ಕಂಪ್ರೆಸರು ಕಂಡೆ. ಅಲ್ಲಿಂದಲೇ ಮೇಷ್ಟ್ರಿಗೆ ಫೋನು ಮಾಡಿದೆ. ರಂಗನಾಥರಿಗೆ ಆಗಲೇ ಎರಡು ಕಣ್ಣಿಗೂ ಪೊರೆ. ಇನ್ನೊಂದು ಬೇಸಿಗೆ ಕಳೆದರೆ ಅವರು ಸ್ಟೇರಿಂಗ್ ಹಿಡಿಯುವುದು ಅನುಮಾನವೆಂದು ಮೇಷ್ಟ್ರು ಹೇಳಿದರು.

ಎರಡು ಕಂಪ್ರೆಸರನ್ನೂ ಬಿಚ್ಚಿ ಒಂದು ಕಟ್ಟಿದೆವು: ಒಂದರ ಮೈ, ಇನ್ನೊಂದರ ಪಿಸ್ಟನ್ನು, ಹೊಸ ಬೇರಿಂಗು, ಹೊಸ ಸೀಲು. ಕೊಳವೆಗಳಲ್ಲಿ ಇಪ್ಪತ್ತಾರು ವರ್ಷದ ಕೊಬ್ಬರಿ ಎಣ್ಣೆ ಮೇಣದ ಹಾಗೆ ಅಂಟಿತ್ತು. ಅದನ್ನು ತೊಳೆಯಲು ನಾಲ್ಕು ಭಾನುವಾರ ಹಿಡಿಯಿತು. ಎಲ್ಲಾದರೂ ಸೋರುತ್ತದೆಯೇ ನೋಡಲು ಒತ್ತಡ ಕೊಟ್ಟು ಎರಡು ದಿನ ಬಿಟ್ಟೆವು, ಮೀಟರಿನ ಮುಳ್ಳು ಕದಲಲಿಲ್ಲ. ಪೊರೆ ತೆಗೆಸಿಕೊಂಡು ಬಂದ ರಂಗನಾಥರು ಹೊಸ ಕನ್ನಡಕದಲ್ಲಿ ಆ ಮುಳ್ಳನ್ನೇ ನೋಡುತ್ತ ಕೂತಿದ್ದರು.

ಯತ್ತಪ್ಪ ಮೇಷ್ಟ್ರಿಗೆ ಆಯುಸ್ಸು, ಆರೋಗ್ಯ, ಕೈತುಂಬ ಕೆಲಸ, ಬಿಚ್ಚಿದ್ದೆಲ್ಲ ಮತ್ತೆ ಕೂಡಿಕೊಳ್ಳುವ ಭಾಗ್ಯ ಸದಾ ಇರಲೆಂದು ಶಿಷ್ಯರೆಲ್ಲರ ಪರವಾಗಿ ಇಲ್ಲಿಯೇ ಹಾರೈಸಿಬಿಡುತ್ತೇನೆ. ಮುಂದಿನದನ್ನು ಹೇಳಿದ ಮೇಲೆ ಹೇಳುವುದಕ್ಕೇನೂ ಉಳಿಯುವುದಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಗ್ಯಾಸ್ ತುಂಬಿದೆವು. ಗಾಳಿ ಬರುವ ಕಿಂಡಿಯಲ್ಲಿಟ್ಟ ಥರ್ಮಾಮೀಟರು ಎಂಟು ಡಿಗ್ರಿಗೆ ಇಳಿಯಿತು. ಕರೆಯಲು ಮೇಷ್ಟ್ರಿಗೆ ಧೈರ್ಯ ಸಾಲದೆ ನನ್ನನ್ನು ಕಳಿಸಿದರು. ಶಾಂತಕುಮಾರಿಯವರು ಮನೆಯಲ್ಲುಟ್ಟ ಸೀರೆಯಲ್ಲೇ ಬಂದು ಕಾರಿನ ಬಾಗಿಲು ಹಿಡಿದು ನಿಂತರು.

“ಯತ್ತಪ್ಪ, ಈ ಸಲ ಯಾವ ಎಣ್ಣೆ?”

“ಅಂಗಡೀದು ಕಣಮ್ಮ. ಅಳತೆ ಮಾಡಿ ಹಾಕೀನಿ.”

ಅವರು ಬಾಗಿ, ಮಂಡಿ ಹಿಡಿದುಕೊಂಡು, ಆ ತಗ್ಗು ಸೀಟಿನಲ್ಲಿ ಕುಳಿತರು. ರಂಗನಾಥರು ಸ್ಟೇರಿಂಗ್ ಮುಂದೆ ಕೂತು ಗಾಜು ಏರಿಸಿದರು. ಒಳಗೆ ಶಾಂತಕುಮಾರಿಯವರು ಅಂಗೈಯನ್ನು ಗಾಳಿಗೆ ಹಿಡಿದು ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡು, ಗಾಜು ನಾಲ್ಕು ಬೆರಳಷ್ಟು ಇಳಿಸಿ ಮೇಷ್ಟ್ರಿಗೆ ಹೇಳಿದರು:

“ಚಳಿ ಆಯ್ತಾ ಐತೆ ಕಣಪ್ಪ.”

ಮೇಷ್ಟ್ರು ಕಡಿಮೆ ಮಾಡಲು ಬಾಗಿಲ ಹಿಡಿಗೆ ಕೈ ಚಾಚಿದರು. ಅವರು ಬೇಡವೆಂದು ತಲೆಯಾಡಿಸಿ, ಗಾಜು ಏರಿಸಿಕೊಂಡರು. ಕಾರು ದಬ್ಬೇಘಟ್ಟದ ಕಡೆಗೆ ತುರುವೇಕೆರೆ ರಸ್ತೆ ಹಿಡಿಯಿತು.