ನಮ್ಮ ಹೋಟೆಲಿನ ಕುಮಾರಿ ಇಂದಿರಾ

ಇಂದಿರಕ್ಕ ಗಿರಾಕಿಗಳಿಗೆ ಬೆನ್ನು ತೋರಿಸುತ್ತಿರಲಿಲ್ಲ. ತಟ್ಟೆ ಇಟ್ಟ ಮೇಲೆ ಮುಖವನ್ನು ಟೇಬಲ್ಲಿನ ಕಡೆಗೇ ಇಟ್ಟುಕೊಂಡು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಅಡುಗೆಮನೆಯ ಬಾಗಿಲು ಮುಟ್ಟುತ್ತಿದ್ದರು. ಬಡಿಸಲು ಶುರು ಮಾಡಿದ ಹೊಸತರಲ್ಲಿ ಹೀಗೇ ಹಿಂದೆ ಸರಿಯುತ್ತಾ ನಮ್ಮ ಯಜಮಾನರಿಗೆ ಡಿಕ್ಕಿ ಹೊಡೆದು, ಅರ್ಧ ಬಕೆಟ್ ಸಾಂಬಾರು ಅವರ ಪಂಚೆಯ ಪಾಲಾಯಿತು. "ಅಯ್ಯೋ ಇಂದಿರಕ್ಕಾ, ಮುಂದೆ ನೋಡ್ಕೊಂಡು ನಡೀರಿ!" ಎಂದು ನಾನು ಕೂಗಿದೆ. "ಮುಂದೇನೇ ನೋಡ್ತಾ ಇದ್ದೆ ವನಜಾ. ಜನ ಇದ್ದಿದ್ದೇ ಮುಂದೆ" ಎಂದರು. ಸಭೆಗೆ ಬೆನ್ನು ಹಾಕಬಾರದೆಂಬುದು ನಲವತ್ತು ವರ್ಷ ನಾಟಕ ಮಾಡಿದ ಅವರ ಕಾಲಿಗೇ ಅಂಟಿಕೊಂಡಿದ್ದ ಪಾಠ. ಅದನ್ನು ಬಿಡಿಸುವುದು ನನ್ನಿಂದಾಗಲಿಲ್ಲ.

ಶಿವಮೊಗ್ಗದ ಕೋಟೆ ಕಡೆಯ ನಮ್ಮ ಹೋಟೆಲಿನಲ್ಲಿ ಇರುವುದು ಏಳು ಟೇಬಲ್ಲು. ಒಲೆ ಯಜಮಾನರದ್ದು, ಉಳಿದ ಗೋಳೆಲ್ಲ ನನ್ನದು. ಇಂದಿರಕ್ಕ ಕೆಲಸ ಕೇಳಿಕೊಂಡು ಬಂದಾಗ ಅವರಿಗೆ ಅರವತ್ತಾರು. ಭದ್ರಾವತಿಯ ಕಾಗದನಗರದಲ್ಲಿ ತಂಗಿ ಪುಷ್ಪಾಳ ಜೊತೆ ವಾಸ. ತಿದ್ದಿದ ಹುಬ್ಬು, ಗಂಜಿ ಹಾಕಿದ ಸೀರೆ, ಮುಡಿಯಲ್ಲಿ ಕನಕಾಂಬರ. ನಾನು ಯಾರೋ ಇನ್‌ಸ್ಪೆಕ್ಷನ್ನಿಗೆ ಬಂದವರೆಂದು ಎದ್ದು ನಿಂತಿದ್ದೆ! "ಒಳಗಿನ ಕೆಲಸ ಏನಿದ್ರೂ ಕೊಡಿ. ತರಕಾರಿ ಹೆಚ್ತೀನಿ, ಪಾತ್ರೆ ತೊಳೀತೀನಿ. ಜನರ ಮುಂದೆ ಮಾತ್ರ ನಿಲ್ಲಿಸ್ಬೇಡಿ" ಎಂದರು. ಏನು ತಾಪತ್ರಯವೋ ಏನೋ, ನಾನು ಕೆದಕಲಿಲ್ಲ. ನನಗೂ ಆಳು ಬೇಕಿತ್ತು. ಮೂರು ತಿಂಗಳು ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತರು. ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಿಲ್ಲ.

ಒಂದು ಬೆಳಿಗ್ಗೆ ಸಪ್ಲೈಯರ್ ಮಂಜಣ್ಣ ಕೈಕೊಟ್ಟ. ಹಾಳಾದ್ದು, ಅವತ್ತೇ ಶಂಕರಘಟ್ಟದ ಯೂನಿವರ್ಸಿಟಿಯ ಮೇಷ್ಟ್ರುಗಳು ಹನ್ನೊಂದು ಜನ ಒಟ್ಟಿಗೆ ಬಂದು ಕೂತರು. ನಾನೊಬ್ಬಳೇ ಎಲ್ಲಿ ಅಂತ ಓಡಲಿ? "ಇಂದಿರಕ್ಕಾ, ಸ್ವಲ್ಪ ಬನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ. ಸೆರಗಿಗೆ ಕೈ ಒರೆಸಿಕೊಂಡು ಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಮುಡಿಯ ಹೂವು ಸರಿಮಾಡಿಕೊಂಡು ಹೊರಗೆ ಕಾಲಿಟ್ಟರು.

"ಏನಮ್ಮಾ ಇದೆ?" ಎಂದು ಒಬ್ಬರು ಕೇಳಿದರು.

ಇಡ್ಲಿ, ವಡೆ, ಕಡುಬು, ಪಡ್ಡು, ಅಕ್ಕಿರೊಟ್ಟಿ, ಖಾರಾಬಾತು, ಕೇಸರಿಬಾತು ಎಂದು ಶುರು ಮಾಡಿ ಕಾಫಿಯವರೆಗೂ ಒಂದೇ ಉಸಿರಿನಲ್ಲಿ ಹೇಳಿದರು. ಅದೇನು ಧ್ವನಿ ಅಂತೀರಿ! ರಸ್ತೆಯಾಚೆಯ ಬಳೆ ಅಂಗಡಿಯವರು ಹೊರಬಂದು ನೋಡಿದರು. ಹನ್ನೊಂದು ಜನ ಹನ್ನೊಂದು ಬಗೆ ಹೇಳಿದರು. ಒಬ್ಬರಿಗೆ ಈರುಳ್ಳಿ ಬೇಡ, ಇನ್ನೊಬ್ಬರಿಗೆ ಸಕ್ಕರೆ ಬೇಡ, ಮತ್ತೊಬ್ಬರಿಗೆ ಚಟ್ನಿ ಬೇರೆ ಬಟ್ಟಲಲ್ಲಿ. ಒಂದಕ್ಷರ ಬರೆದುಕೊಳ್ಳಲಿಲ್ಲ. ಯಾರದ್ದು ಯಾರಿಗೋ ಅದು ಅವರ ಮುಂದೆಯೇ ಹೋಗಿ ಕೂತಿತು. ನಾನು ಸೌಟು ಹಿಡಿದು ನಿಂತೇ ಇದ್ದೆ. ಅಂಥದ್ದನ್ನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

"ಅದೇನು ವಿದ್ಯೆ ಮಾರಾಯ್ತಿ?" ಎಂದು ಕೇಳಿದ್ದಕ್ಕೆ, "ಒಬ್ಬೊಬ್ಬರ ಮುಖಕ್ಕೂ ಒಂದೊಂದು ಮಾತು ಕಟ್ಟಿಬಿಡೋದು. ನಾಟಕದಲ್ಲೂ ಅಷ್ಟೇ ಮಾಡ್ತಿದ್ದೆ" ಎಂದರು. ಅವತ್ತು ಮಧ್ಯಾಹ್ನ ಮೊದಲ ಸಲ ತಮ್ಮ ಕಥೆ ಬಿಚ್ಚಿದರು.

ಊರಿನವರೋ ಕಾರ್ಖಾನೆಯವರೋ ನಾಟಕ ಆಡುವಾಗ ಗಂಡು ಪಾತ್ರಗಳೆಲ್ಲ ಅವರವೇ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಇಂದಿರಕ್ಕ ಹಾಗೆ ಊರೂರಿಗೆ ಹೋಗುತ್ತಿದ್ದವರು. ರಿಹರ್ಸಲ್ ಗಿಹರ್ಸಲ್ ಏನಿಲ್ಲ. ಬಸ್ಸಿಳಿದು, "ಇವತ್ತು ಯಾವ ನಾಟಕ?" ಎಂದು ಕೇಳಿ, ಬಣ್ಣ ಹಚ್ಚಿಕೊಂಡು, ಅದೇ ಮೊದಲು ನೋಡುತ್ತಿರುವ ಗಂಡನ ಎದುರು ನಿಂತು ಪುಟಗಟ್ಟಲೆ ಮಾತು ಒಪ್ಪಿಸಬೇಕು. ಮೂವತ್ತು ನಾಟಕಗಳ ರಾಣಿಯರು ಅವರ ತಲೆಯೊಳಗಿದ್ದರು. ಅರವತ್ತು ದಾಟಿದರೂ ಕರಪತ್ರದಲ್ಲಿ ಅವರು 'ಕುಮಾರಿ ಇಂದಿರಾ'.

ಅಂಥವರು ಭದ್ರಾವತಿಯಲ್ಲೇ, ತಮ್ಮ ಊರವರ ಎದುರಿಗೇ, ಎಡವಿದರು. ರಾಜಸಭೆಯ ದೃಶ್ಯದಲ್ಲಿ ಒಂದು ನಾಟಕದ ರಾಣಿಯಾಗಿ ನಿಂತವರು ಇನ್ನೊಂದು ನಾಟಕದ ಗಂಡನ ಹೆಸರು ಹಿಡಿದು ಗೋಳಾಡಿಬಿಟ್ಟರು. ಎದುರಿಗೆ ಕಿರೀಟ ಹೊತ್ತು ನಿಂತಿದ್ದ ಕಾರ್ಖಾನೆಯ ಫಿಟ್ಟರ್ ರಂಗಸ್ವಾಮಿಗೆ ನಗು ತಡೆಯಲಾಗಲಿಲ್ಲ. ರಾಜನೇ ನಕ್ಕ ಮೇಲೆ ಪ್ರಜೆಗಳು ಬಿಡುತ್ತಾರೆಯೇ? ಸೀಟಿಯೋ ಸೀಟಿ. "ಎಷ್ಟು ಜನ ಗಂಡಂದಿರಕ್ಕಾ ನಿಂಗೆ?" ಎಂದು ಯಾರೋ ಕೂಗಿದರು. ಪರದೆ ಇಳಿಸಬೇಕಾಯಿತು. ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ, ಕರೆದಿದ್ದರೂ ಇವರು ಹೋಗುತ್ತಿರಲಿಲ್ಲ.

"ಮರೆತಿದ್ದಕ್ಕಲ್ಲ ವನಜಾ ಅಳು ಬಂದಿದ್ದು. ಇನ್ಮೇಲೆ ಮರೀತಾನೇ ಹೋಗ್ತೀನಿ ಅಂತ ಗೊತ್ತಾಯ್ತಲ್ಲ, ಅದಕ್ಕೆ" ಎಂದರು. ನಾಳೆಯಿಂದ ಈರುಳ್ಳಿ ನಾನು ಹೆಚ್ಚುತ್ತೇನೆ, ನೀವು ಹೊರಗೆ ಬನ್ನಿ ಎಂದೆ.

ಮುಂದಿನ ನಾಲ್ಕು ವರ್ಷ ನಮ್ಮ ಹೋಟೆಲಿಗೆ ಜನ ತಿನ್ನಲು ಬರುತ್ತಿದ್ದರೋ ಇಂದಿರಕ್ಕನನ್ನು ನೋಡಲು ಬರುತ್ತಿದ್ದರೋ, ಆ ದೇವರೇ ಬಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಪೌಡರ್ ಹಚ್ಚಿಕೊಂಡು ಸಿದ್ಧ. ಹಲ್ಲಿಲ್ಲದ ಮುದುಕರಿಗೆ ವಡೆಯನ್ನು ಸಾಂಬಾರಿನಲ್ಲಿ ನೆನೆಸಿಯೇ ತರುವರು. "ಹಸಿದವನಿಗಿಂತ ಒಳ್ಳೆ ಪ್ರೇಕ್ಷಕ ಇಲ್ಲ ಕಣೇ" ಎನ್ನುವರು.

ಆದರೆ ಮರೆವು ಬಿಡಬೇಕಲ್ಲ? ಬರಬರುತ್ತಾ ಈ ಟೇಬಲ್ಲಿನದು ಆ ಟೇಬಲ್ಲಿಗೆ ಹೋಗತೊಡಗಿತು. ಯಾರಾದರೂ ನಕ್ಕುಬಿಟ್ಟರೆ? ಇವರು ಮತ್ತೆ ಮೂಲೆ ಸೇರಿಬಿಟ್ಟರೆ?

ಅಂಥ ದಿನಗಳಲ್ಲೇ, ಅವತ್ತು ರಾಜನಾಗಿ ನಕ್ಕಿದ್ದ ಆ ರಂಗಸ್ವಾಮಿ ಬಂದರು. ತಲೆಯೆಲ್ಲ ನೆರೆತಿತ್ತು. ಪಡ್ಡು ಹೇಳಿದರು. ಇಂದಿರಕ್ಕ ಇಡ್ಲಿ ತಂದಿಟ್ಟರು.

"ಅಕ್ಕಾ, ನಾನು ಪಡ್ಡು ಹೇಳಿದ್ದೆ" ಎಂದರು ರಂಗಸ್ವಾಮಿ ಮೆಲ್ಲಗೆ. ಪಡ್ಡು ಬಂತು. ತಿಂದು ಮುಗಿಸಿ, "ಅವತ್ತು ನಾನು ನಗಬಾರದಿತ್ತು. ತಪ್ಪಾಯ್ತು. ಈ ಸಲ ನಾಟಕಕ್ಕೆ ನೀವೇ ಬರ್ಬೇಕು, ನಾವು ಪಕ್ಕದಲ್ಲೇ ಇದ್ದು ಮಾತು ಹೇಳಿಕೊಡ್ತೀವಿ" ಎಂದರು.

ಇಂದಿರಕ್ಕ ಅವರನ್ನೇ ನೋಡಿದರು. "ಈಗ ಇಡ್ಲಿ ಇಟ್ಟಾಗ ಏನ್ಮಾಡ್ದೆ ರಂಗಸ್ವಾಮಿ? ಇನ್ನೊಂದ್ಸಲ ಹೇಳ್ದೆ. ಅಲ್ಲಿ ಮರೆತ್ರೆ ನಾಟಕ ನಿಂತೋಗುತ್ತೆ. ಇಲ್ಲಿ ಮರೆತ್ರೆ ಇನ್ನೊಂದ್ಸಲ ಹೇಳ್ತಾರೆ. ನಾನು ಇಲ್ಲೇ ಇರ್ತೀನಪ್ಪಾ."

ನಾನು ಒಳಗೆ ಹೋಗಿ ಅತ್ತೆ. ಈರುಳ್ಳಿಯಿಂದ ಎಂದು ಯಜಮಾನರಿಗೆ ಸುಳ್ಳು ಹೇಳಿದೆ.

ಕಳೆದ ವರ್ಷ ಬಸ್ಸಿನಲ್ಲಿ ಓಡಾಡುವುದು ಕಷ್ಟವಾಗಿ ಪುಷ್ಪಾ ತನ್ನ ಅಕ್ಕನನ್ನು ಮನೆಯಲ್ಲೇ ಉಳಿಸಿಕೊಂಡಳು. ನಾನು ಕಾಗದನಗರಕ್ಕೆ ನೋಡಲು ಹೋದೆ. ಇಂದಿರಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಹುಬ್ಬು ತಿದ್ದಿತ್ತು.

"ಯಾರಮ್ಮಾ? ಗೊತ್ತಾಗ್ಲಿಲ್ಲ" ಎಂದರು. ಪುಷ್ಪಾ ಮುಜುಗರದಿಂದ ತಲೆ ತಗ್ಗಿಸಿದಳು. ಇಂದಿರಕ್ಕನಿಗೆ ಮಾತ್ರ ಯಾವ ಮುಜುಗರವೂ ಇಲ್ಲ. ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಹೇಳು ಮಾರಾಯ್ತಿ, ಅದಕ್ಕೇನಂತೆ" ಎಂದರು.

"ವನಜಾ. ಕೋಟೆ ಹೋಟ್ಲು ವನಜಾ."

"ಅಯ್ಯೋ, ನಮ್ಮ ವನಜನಾ! ಬಾರೇ ಬಾರೇ!" ಎಂದು ನನ್ನ ಕೆನ್ನೆ ಸವರಿದರು.

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಮತ್ತೆ ಹೇಳಿದೆ. ಮತ್ತೆ ಅದೇ ಸಂಭ್ರಮ. ಕಾಫಿ ಕುಡಿದು ಏಳುವಷ್ಟರಲ್ಲಿ ನಾಲ್ಕು ಸಲ ಹೇಳಿದ್ದೆ, ನಾಲ್ಕು ಸಲವೂ ಬಾರೇ ಎಂದು ಕರೆಸಿಕೊಂಡಿದ್ದೆ. ಐದನೆಯ ಸಲ ಹೇಳಲು ಮುಂದಿನ ಸೋಮವಾರ ಹೊರಡುವವಳಿದ್ದೆ. ಭಾನುವಾರವೇ ಪುಷ್ಪಾಳ ಫೋನ್ ಬಂತು, ಅಕ್ಕ ಹೋಗಿಬಿಟ್ಟಳು ಎಂದು.