ಲೋಟ ತುಂಬಿಯೇ ಇತ್ತು

ಮಂಕಿ ಊರಿನ ನನ್ನ ಚಿಕ್ಕಪ್ಪ ದೋಣಿಯಲ್ಲಿ ಬಲೆ ಎಳೆದೆಳೆದು ಬಂದ ಸೊಂಟನೋವಿಗೆ ವರ್ಷಗಟ್ಟಲೆ ಅಂಗಡಿಯ ನೋವಿನ ಗುಳಿಗೆಗಳನ್ನು ಬೆಲ್ಲದ ಜೊತೆ ಅಗಿದು ತಿಂದವರು. ಕೊನೆಗೆ ಹೊಟ್ಟೆಯಲ್ಲಿ ಹುಣ್ಣಾಯಿತು. ಹೊನ್ನಾವರದ ಡಾಕ್ಟರು ಆಮ್ಲ ತಗ್ಗಿಸುವ ಕ್ಯಾಪ್ಸೂಲ್ ಕೊಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಇಡಿಯಾಗಿ ನುಂಗಬೇಕು ಎಂದಿದ್ದರು.

ಅದಾಗಿ ವಾರಕ್ಕೆ, ಭಾನುವಾರ, ಕುಮಟಾದಿಂದ ನಾನು ಅವರನ್ನು ನೋಡಲು ಹೋದೆ. ಅಡುಗೆಮನೆಯಲ್ಲಿ ಚಿಕ್ಕಿ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಬಿಳಿ ಕಾಳುಗಳನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯುತ್ತಿದ್ದಳು. ಪಕ್ಕದಲ್ಲಿ ಮುರುಗಲ ಹಣ್ಣಿನ ಹುಳಿ ಪಾನಕದ ಲೋಟ, ಗಾಢ ಕೆಂಪು.

"ಎಂತ ಮಾಡ್ತೀ ಚಿಕ್ಕಿ?"

"ನಿನ್ನ ಚಿಕ್ಕಪ್ಪಂಗೆ ಔಷಧ. ತಾರ್ಲಿ ಮೀನು ಮುಳ್ಳು ಸಮೇತ ನುಂಗ್ತಾರೆ, ಇದು ಮಾತ್ರ ಗಂಟಲಲ್ಲಿ ಇಳಿಯೂದಿಲ್ವಂತೆ. ಪಿತ್ತಕ್ಕೆ ಮುರುಗಲೂ ಒಳ್ಳೇದು. ಎರಡೂ ಒಂದೇ ಸಲ ಆತು!"

ಪುಡಿಯನ್ನು ಲೋಟಕ್ಕೆ ಹಾಕಿ ಕಲಕಿದಳು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಆ ಒಂದೊಂದು ಕಾಳಿಗೂ ಕವಚವಿರುತ್ತದೆ, ಹೊಟ್ಟೆಯ ಹುಳಿಯನ್ನು ದಾಟಿ ಕರುಳಿನಲ್ಲಿ ಮಾತ್ರ ಕರಗಲಿ ಎಂದು. ಅಲ್ಲಿಂದ ಔಷಧ ರಕ್ತ ಸೇರಿ, ಹಿಂಬಾಗಿಲಿನಿಂದ ಬಂದ ಹಾಗೆ ಜಠರದ ಗೋಡೆಯೊಳಕ್ಕೆ ಬರುತ್ತದೆ. ಅಲ್ಲಿ ಆಮ್ಲ ತಾಗಿದಾಗ ರೂಪ ಬದಲಿಸಿ, ಆಮ್ಲ ಸುರಿಸುವ ಪಂಪಿಗೆ ಕಚ್ಚಿಕೊಂಡು ಅದನ್ನು ನಿಲ್ಲಿಸುತ್ತದೆ. ಆಮ್ಲವೇ ಅದನ್ನು ಎಬ್ಬಿಸುವುದು. ಆದರೆ ಕವಚ ಒಡೆದು ಮೊದಲೇ ಹುಳಿ ತಾಗಿದರೆ ಆ ಹುಳಿಯೇ ಔಷಧವನ್ನು ಕೊಲ್ಲುತ್ತದೆ. ಚಿಕ್ಕಪ್ಪ ಇಷ್ಟು ದಿನ ಕುಡಿದದ್ದು ಸತ್ತ ಔಷಧ.

"ಚಿಕ್ಕಿ, ಇದನ್ನ ಕೊಡಬೇಡ" ಎನ್ನುವಷ್ಟರಲ್ಲಿ ಹಿತ್ತಲಿನಿಂದ ವಾಂತಿಯ ಸದ್ದು ಬಂತು. ಓಡಿದೆವು. ಚಿಕ್ಕಪ್ಪ ಬಾವಿಕಟ್ಟೆ ಹಿಡಿದು ಬಗ್ಗಿದ್ದರು. ಕಲ್ಲಿನ ಮೇಲೆ ಕೆಂಪು ಹರಡಿತ್ತು.

"ಹೆದರಬೇಡ ತಂಗಿ, ದಿನಾ ಹೀಗೇ. ಮುರುಗಲು ಹೊರಗೆ ಬತ್ತದೆ" ಎಂದು ಚಿಕ್ಕಿ ನೀರು ಸುರಿಯಲು ಕೊಡ ಎತ್ತಿದಳು.

ಅವಳ ಇನ್ನೊಂದು ಕೈಯಲ್ಲಿ ಲೋಟವಿತ್ತು. ತುಂಬಿಯೇ ಇತ್ತು. ಚಿಕ್ಕಪ್ಪ ಅಂದು ಇನ್ನೂ ಏನನ್ನೂ ಕುಡಿದಿರಲಿಲ್ಲ.

ನಾನು ಲೋಟವನ್ನೂ ಕಲ್ಲನ್ನೂ ನೋಡಿದೆ. ಎರಡೂ ಒಂದೇ ಬಣ್ಣ. ಚಿಕ್ಕಿಯೂ ನೋಡಿದಳು. ಕೊಡ ಕೈಯಿಂದ ಜಾರಿತು.

ರಿಕ್ಷಾದಲ್ಲಿ ಅವರ ತಲೆ ನನ್ನ ಭುಜದ ಮೇಲಿತ್ತು, ಕೈ ಹಸಿ ಮೀನಿನಷ್ಟು ತಣ್ಣಗೆ. "ಎಂತಕ್ಕೆ ಇಷ್ಟು ಜೋರು ರಿಕ್ಷಾ ಹೊಡೀತಾನೆ, ಸೊಂಟ ನೋಯ್ತದೆ" ಎಂದು ಗೊಣಗಿದರು. ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಕೊಳವೆ ಇಳಿಸಿ ಹುಣ್ಣಿನ ರಕ್ತ ಕಟ್ಟಿಸಿದರು. ಉಳಿದರು. ಈಗ ಕ್ಯಾಪ್ಸೂಲನ್ನು ಬಾಳೆಹಣ್ಣಿನ ಚೂರಿನಲ್ಲಿಟ್ಟು ಇಡಿಯಾಗಿ ನುಂಗುತ್ತಾರೆ.

ಆದರೆ ನನ್ನನ್ನು ಬಿಡದೆ ಕಾಡುವುದು ಆಸ್ಪತ್ರೆಗೆ ಸೇರಿಸಿದ ಮರುದಿನ ಬಟ್ಟೆ ಒಯ್ಯಲು ಚಿಕ್ಕಿಯ ಜೊತೆ ಅವರ ಮನೆಗೆ ಹೋದಾಗ ಕಂಡದ್ದು. ಹಿತ್ತಲ ತಂತಿಯ ಮೇಲೆ ಚಿಕ್ಕಪ್ಪ ವಾರವಿಡೀ ಬಾಯಿ ಒರೆಸಿಕೊಂಡ ಬೈರಾಸು ಒಣಗುತ್ತಿತ್ತು. ಸಾಬೂನು ತಾಗಿದರೆ ಮುರುಗಲ ಕೆಂಪು ನೀಲಿಗೆ, ಬೂದಿಗೆ ತಿರುಗುತ್ತದೆ. ಬೈರಾಸಿನಲ್ಲಿ ಅಂಥ ಕಲೆಗಳೂ ಇದ್ದವು. ಅವುಗಳ ನಡುನಡುವೆ, ಬಹಳ ಕಡೆ, ಒಣಗಿದ ರಕ್ತದ ಕಂದು.

"ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ ನೋಡು" ಎಂದಳು ಚಿಕ್ಕಿ, ನನ್ನ ಹಿಂದೆ ನಿಂತು. "ಮೊದಲಿನ ದಿನದ್ದೆಲ್ಲ ಮುರುಗಲೇ ಅಲ್ವಾ, ತಂಗಿ?"

ಬೈರಾಸನ್ನು ಮಡಚಿ ಚೀಲದ ತಳಕ್ಕೆ ಹಾಕಿದೆ.

"ಹೌದು ಚಿಕ್ಕಿ" ಎಂದೆ.